ಅರವತ್ತನಾಲ್ಕರಲ್ಲಿ ನಿಂತ ಮುಳ್ಳು

೧

ಈ ಕಥೆಯ ಮೊದಲ ವಾಕ್ಯ ‘ಅವರು ತೀರಿಕೊಂಡರು’ ಎಂದಿತ್ತು. ಬರೆದು, ಪೆನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತೆ. ಒಬ್ಬ ಮನುಷ್ಯನನ್ನು ಎರಡೇ ಪದದಲ್ಲಿ ಕಳಿಸಿಬಿಡುವ ಅಧಿಕಾರ ನನಗೆ ಯಾರು ಕೊಟ್ಟರು? ಹೊಡೆದುಹಾಕಿದೆ.

ಎರಡನೆಯ ಡ್ರಾಫ್ಟಿನಲ್ಲಿ ಒಬ್ಬ ಮಗಳಿದ್ದಳು. ದೊಡ್ಡ ಡಾಕ್ಟರು. ಬಿಳಿ ಕೋಟಿನಲ್ಲಿ ಬಾಗಿಲಿಗೆ ಬಂದವಳೇ ಒಂದು ಇಂಜೆಕ್ಷನ್ ಕೊಟ್ಟು ಎಲ್ಲವನ್ನೂ ಸರಿಮಾಡಿಬಿಟ್ಟಳು. ಕಥೆ ಒಂದೂವರೆ ಪುಟಕ್ಕೆ ಮುಗಿದುಹೋಯಿತು. ಅವಳನ್ನು ಕೈಮುಗಿದು ಕಳಿಸಿಕೊಟ್ಟೆ. (ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಬೇರೆಯವರ ಕಥೆಗಳಲ್ಲಿ ಅವಳಿಗೆ ಕೈತುಂಬ ಕೆಲಸವಿದೆ.)

ಮೂರನೆಯ ಸಲ ‘ಬೆಳಗಿನ ಆರು ಗಂಟೆಗೆ ಅವರು ತೂಕದ ಮಷೀನಿನ ಮುಂದೆ ನಿಂತರು’ ಎಂದು ಬರೆದೆ. ನಿಂತವರು ಹತ್ತಲೇ ಇಲ್ಲ. ಅರ್ಧ ಪುಟ ಕಾದೆ. ಹತ್ತಿ ಸ್ವಾಮಿ ಎಂದೆ. ನೀವು ಮೊದಲು ಆ ಕಡೆ ತಿರುಗಿ ಎಂದರು.

ನಮ್ಮಜ್ಜಿ ಕಥೆ ಹೇಳಲು ಕೂತರೆ ರಾಜ, ರಾಣಿ, ಊರು ಯಾವುದನ್ನೂ ಮೊದಲು ಹೇಳುತ್ತಿರಲಿಲ್ಲ. ಯಾರಿಗೆ ಏನು ಕಷ್ಟ ಅನ್ನುವುದನ್ನು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ಕೇಳುವವರು ಕಷ್ಟಪಡುತ್ತಾರೆ ಎನ್ನುತ್ತಿದ್ದಳು. ನಾನು ಓದಿದ ಹೊಸ ಕಾಲದ ಪುಸ್ತಕಗಳೆಲ್ಲ ಇದಕ್ಕೆ ತದ್ವಿರುದ್ಧ ಹೇಳುತ್ತವೆ. ಈ ಸಲ ಅಜ್ಜಿಯ ಮಾತು ಕೇಳುತ್ತೇನೆ.

ಕಷ್ಟ ಇದು: ಒಬ್ಬರ ತೂಕ ಏರುತ್ತಿದೆ. ಅದು ಅವರಿಗೆ ಗೊತ್ತು. ಗೊತ್ತಿಲ್ಲದ ಹಾಗೆ ಇರಲು ಅವರು ಒಂದು ದಾರಿ ಕಂಡುಕೊಂಡಿದ್ದಾರೆ.

೨

ಅವರು ತಕ್ಕಡಿ ರಿಪೇರಿ ಮಾಡುವವರು. ಬೀದಿಯವರ ಬಾಯಲ್ಲಿ ‘ತಕ್ಕಡಿಯವರು’. ನನಗೂ ಅಷ್ಟು ಸಾಕು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಮನೆ. ಅಂಗಡಿಯಲ್ಲಿ ಎಣ್ಣೆ ಮತ್ತು ತುಕ್ಕಿನ ವಾಸನೆ. ಗೋಡೆಯ ಮೊಳೆಗಳಿಗೆ ನೇತುಹಾಕಿದ ಸರಪಳಿಗಳು, ಸ್ಪ್ರಿಂಗುಗಳು, ತಟ್ಟೆ ಕಳಚಿದ ತೊಲೆಗಳು. ಮೂಲೆಯ ಮರದ ಪೆಟ್ಟಿಗೆಯಲ್ಲಿ, ಮೆತ್ತನೆಯ ಬಟ್ಟೆ ಸುತ್ತಿದ ನಾಲ್ಕು ತೂಕದ ಕಲ್ಲುಗಳು, ಒಂದೊಂದೂ ಐದೈದು ಕಿಲೋ. ಕಲ್ಲು ಎಂದರೂ ಕಬ್ಬಿಣದವು. ಅವನ್ನು ಯಾರೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಕೈಬೆವರಿಗೆ ತುಕ್ಕು ಹಿಡಿದರೆ ಕಲ್ಲು ಸುಳ್ಳಾಗುತ್ತದೆ, ಕಲ್ಲು ಸುಳ್ಳಾದರೆ ಊರೆಲ್ಲ ಸುಳ್ಳಾಗುತ್ತದೆ ಎಂದು ಅವರ ವಾದ. ನಲವತ್ತು ವರ್ಷ ಈ ವಾದದ ಮೇಲೆ ಬದುಕಿದ್ದಾರೆ.

ಏಳೆಂಟು ತಿಂಗಳ ಹಿಂದೆ ಅಂಗಡಿಯ ಎರಡು ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಹಾಕಿಕೊಂಡಿತು. ಆಸ್ಪತ್ರೆಯಲ್ಲಿ ಹತ್ತು ದಿನ. ಅಲ್ಲಿನ ಡಾಕ್ಟರಮ್ಮ ಹಾಳೆಯ ಮೇಲೆ ಒಂದು ಚಿತ್ರ ಬಿಡಿಸಿ, ಹೃದಯದ ಪಂಪು ದಣಿದಿದೆ, ಅದು ಎಳೆಯದ ನೀರೆಲ್ಲ ಮೈಯೊಳಗೆ ನಿಲ್ಲುತ್ತದೆ ಎಂದರು. ಉಪ್ಪು ಬಿಡಬೇಕು, ನೀರನ್ನು ಅಳೆದು ಕುಡಿಯಬೇಕು. ಇದು ವಾಸಿಯಾಗುವ ಕಾಯಿಲೆಯಲ್ಲ, ನೋಡಿಕೊಂಡು ಹೋಗುವ ಕಾಯಿಲೆ. ಕೊನೆಗೆ ಹೇಳಿದ ಮಾತು ಮುಖ್ಯ: “ದಿನಾ ಬೆಳಿಗ್ಗೆ ಏನೂ ತಿನ್ನೋ ಮೊದಲು ತೂಕ ನೋಡಿ, ಯಜಮಾನ್ರೇ. ಮೂರು ದಿನದಲ್ಲಿ ಎರಡು ಕಿಲೋ ಏರಿದ್ರೆ ಕಾಯಬೇಡಿ, ಬಂದುಬಿಡಿ.”

ಬೇಗ ಬಂದರೆ ಎಷ್ಟೋ ಸಲ ಮಾತ್ರೆ ಬದಲಿಸಿದರೆ ಸಾಕಾಗುತ್ತದೆ ಎಂದೂ ಹೇಳಿದ್ದರು. ತಕ್ಕಡಿಯವರ ಕಿವಿ ಆ ವಾಕ್ಯವನ್ನು ಇಟ್ಟುಕೊಳ್ಳಲಿಲ್ಲ.

ಯಾಕೆ ಎಂದರೆ, ಪಕ್ಕದ ಮಂಚದಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರಿದ್ದರು. ಇದೇ ಕಾಯಿಲೆ, ಮೂರನೆಯ ಸಲ ಬಂದವರು. ಈ ಮಂಚಕ್ಕೆ ನನ್ನ ಹೆಸರಿನ ಬೋರ್ಡೇ ಬರೆದು ತಗುಲಿಹಾಕುತ್ತೇನೆ ಎಂದು ನರ್ಸುಗಳನ್ನು ನಗಿಸುತ್ತಿದ್ದರು. ಇಬ್ಬರೂ ಒಂದೇ ದಿನ ಮನೆಗೆ ಹೋದರು. ಎರಡು ತಿಂಗಳಾದ ಮೇಲೆ ಮೇಷ್ಟ್ರು ಫೋನು ಮಾಡಿ, ಎರಡು ಕಿಲೋ ಏರಿದ್ದೀನಿ ಮಾರಾಯ್ರೇ, ಹೋಗಿ ಇಳಿಸಿಕೊಂಡು ಬರ್ತೀನಿ ಎಂದರು. ಹೋದವರು ಬರಲಿಲ್ಲ.

ಆವತ್ತಿನಿಂದ ತಕ್ಕಡಿಯವರಿಗೆ ‘ಎರಡು ಕಿಲೋ’ ಅನ್ನುವುದು ತೂಕವಾಗಿ ಉಳಿಯಲಿಲ್ಲ.

೪

(ಮೂರು ಇತ್ತು. ಅದರಲ್ಲಿ ನನ್ನ ಮೇಜಿನ ಮೇಲಿರುವ ಮಾತ್ರೆ ಡಬ್ಬಿಯ ವಿಷಯ ಬಂದಿತ್ತು. ತೆಗೆದೆ. ಕಥೆ ಅವರದು.)

ಅವರ ತೂಕ ಅರವತ್ತನಾಲ್ಕು. ಏಳು ತಿಂಗಳು ಮುಳ್ಳು ಅಲ್ಲಾಡಿರಲಿಲ್ಲ. ಬೆಳಿಗ್ಗೆ ಎದ್ದು, ಮುಖ ತೊಳೆದು, ದೇವರಿಗೆ ಕೈಮುಗಿದು, ಮಷೀನಿನ ಮೇಲೆ ನಿಂತು, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲೇ “ಅರವತ್ತನಾಲ್ಕು” ಅನ್ನುತ್ತಿದ್ದರು. ಒಲೆಯ ಹತ್ತಿರ ನಿಂತ ಹೆಂಡತಿ ಮೊಳೆಗೆ ತೂಗುಹಾಕಿದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಭಾನುವಾರ ಭಾನುವಾರ ತಕ್ಕಡಿಯವರು ನಾಲ್ಕೂ ಕಲ್ಲುಗಳನ್ನು ಹೊತ್ತುತಂದು ಮಷೀನಿನ ಮೇಲಿಟ್ಟು ಇಪ್ಪತ್ತು ತೋರಿಸುತ್ತದೆಯೇ ಎಂದು ಪರೀಕ್ಷೆ ಮಾಡುತ್ತಿದ್ದರು. ಭಾರ ಎತ್ತಬೇಡಿ ಎಂದು ಡಾಕ್ಟರಮ್ಮ ಹೇಳಿರಲಿಲ್ಲವೇ ಎಂದು ಹೆಂಡತಿ ಗೊಣಗಿದರೆ, ಪರೀಕ್ಷೆ ಮಾಡದ ಮಷೀನಿನ ಮೇಲೆ ನಿಲ್ಲುವುದೂ ಗೋಡೆ ಮೇಲೆ ನಿಲ್ಲುವುದೂ ಒಂದೇ ಎಂದು ಉತ್ತರ.

ಒಂದು ಭಾನುವಾರ ಮುಳ್ಳು ಅರವತ್ತೈದು ದಾಟಿ ನಿಂತಿತು.

ಇಲ್ಲಿ ನಿಧಾನವಾಗಿ ಹೇಳಬೇಕು. ಇದು ಅವರ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು.

ಅವರಿಗೆ ಮೊದಲು ಹೊಳೆದದ್ದು, ಸ್ಪ್ರಿಂಗು ದಣಿದಿದೆ. ಚಳಿ ಬಿದ್ದಿದೆ, ಸ್ಪ್ರಿಂಗು ಚಳಿಗೆ ಹೀಗೇ ಆಡುತ್ತದೆ. ಕಲ್ಲು ತರಲು ಹೋದರು. ಒಂದು ಕಲ್ಲು ತಂದರು, ಎರಡನೆಯದನ್ನು ತಂದರು, ಮೂರನೆಯದಕ್ಕೆ ಉಸಿರು ಬರಲಿಲ್ಲ. ಪೆಟ್ಟಿಗೆಯ ಮೇಲೆ ಕೂತರು. ಕಲ್ಲು ಹೊತ್ತರೆ ಯಾರಿಗಾದರೂ ಉಬ್ಬಸ ಬರುತ್ತದೆ ಎಂದುಕೊಂಡರು. ಹಿಂದಿನ ಭಾನುವಾರ ನಾಲ್ಕನ್ನೂ ಹೊತ್ತಿದ್ದು ನೆನಪಾಗಲಿಲ್ಲ. ಅಥವಾ, ನೆನಪಾಗದ ಹಾಗೆ ನೋಡಿಕೊಂಡರು.

ಇಪ್ಪತ್ತು ಕಿಲೋ ಎತ್ತಲು ಆಗದ ಮೇಲೆ ಸರಿಯಾದ ತೂಕ ಗೊತ್ತಿರುವ ಬೇರೆ ವಸ್ತು ಮನೆಯಲ್ಲಿ ಏನಿದೆ? ಯೋಚಿಸಿದರು. ಒಂದೇ ಒಂದಿತ್ತು. ಏಳು ತಿಂಗಳಿಂದ ಅರವತ್ತನಾಲ್ಕರಲ್ಲೇ ಇದ್ದ ತಾವು.

ಮಷೀನನ್ನು ಬೋರಲು ಹಾಕಿ, ಹೊಟ್ಟೆ ಬಿಚ್ಚಿ, ಒಳಗಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಮುಚ್ಚಿ, ಹತ್ತಿದರು. ಇನ್ನೂ ಸ್ವಲ್ಪ. ಮತ್ತೆ ಹತ್ತಿದರು. ಅರವತ್ತನಾಲ್ಕು.

ಮುಳ್ಳನ್ನು ಸೊನ್ನೆಗೆ ತರುವ ಹೊರಗಿನ ಗಾಲಿ ತಿರುಗಿಸಿದ್ದರೆ ಯಾರೂ ಇಲ್ಲದಾಗ ಮುಳ್ಳು ಸೊನ್ನೆ ಬಿಟ್ಟು ಹಿಂದೆ ನಿಲ್ಲುತ್ತಿತ್ತು, ಯಾರಿಗಾದರೂ ಕಾಣುತ್ತಿತ್ತು. ಒಳಗಿನ ಸ್ಕ್ರೂ ಹಾಗಲ್ಲ. ಖಾಲಿ ಇದ್ದಾಗ ಮಷೀನು ಸತ್ಯವನ್ನೇ ಹೇಳುತ್ತದೆ. ಮನುಷ್ಯ ನಿಂತಾಗ ಮಾತ್ರ ಸುಳ್ಳು.

೪ (ಮುಂದುವರಿದ ಜಗಳ)

ಬರೆಯುವುದನ್ನು ನಿಲ್ಲಿಸಿ ಅವರನ್ನೇ ಕೇಳಿದೆ: ಇಷ್ಟೆಲ್ಲ ಯಾಕೆ? ನಿಮ್ಮ ಮನೆಯವರು ಒಲೆಯ ಹತ್ತಿರ ಇರುತ್ತಾರೆ, ಮುಳ್ಳು ಅವರಿಗೆ ಕಾಣುವುದಿಲ್ಲ. ಅರವತ್ತೈದು ಇದ್ದರೂ ಅರವತ್ತನಾಲ್ಕು ಅಂದುಬಿಟ್ಟಿದ್ದರೆ ಆಗುತ್ತಿತ್ತಲ್ಲ?

ಅವರಿಗೆ ನಿಜವಾಗಿಯೂ ಕೋಪ ಬಂತು. “ಮುಳ್ಳು ಒಂದು ತೋರಿಸ್ತಿರುವಾಗ ಬಾಯಲ್ಲಿ ಇನ್ನೊಂದು ಹೇಳೋಕೆ ನಾನೇನು ಮೋಸಗಾರನಾ?”

“ಮತ್ತೆ ಸ್ಕ್ರೂ ತಿರುಗಿಸಿದ್ದು?”

“ಅದು ರಿಪೇರಿ.”

ನೀವೇ ಹೇಳಿ, ಇಂಥವರ ಹತ್ತಿರ ಕಥೆಗಾರ ಏನು ಮಾಡಬೇಕು?

ಮತ್ತೆ ನಾಲ್ಕು ದಿನಕ್ಕೆ ಮುಳ್ಳು ಏರಿತು, ಮತ್ತೆ ರಿಪೇರಿ. ಇನ್ನೂ ಮೂರು ದಿನಕ್ಕೆ ಇನ್ನೊಂದು. ಸಂಜೆ ಸಾಕ್ಸು ತೆಗೆದರೆ ಕಾಲಿನಲ್ಲಿ ಬಳೆಯಂಥ ಗುರುತು. ಸಾಕ್ಸಿನ ರಬ್ಬರು ಬಿಗಿ ಎಂದರು. ಮಲಗಲು ಒಂದು ದಿಂಬು ಇದ್ದದ್ದು ಎರಡಾಯಿತು, ಮೂರಾಯಿತು. ಹಳೆಯ ದಿಂಬು, ಹತ್ತಿ ಕೂತಿದೆ ಎಂದರು. ಸಾವಿನ ಭಯ ಎಂದು ನಾವು ಒಂದೇ ಹೆಸರಿಟ್ಟು ಕರೆಯುತ್ತೇವೆ. ಆದರೆ ಈ ರೋಗಿಗಳ ಮನೆಗೆ ಅದು ಆ ಹೆಸರಿನಲ್ಲಿ ಬರುವುದಿಲ್ಲ. ಸಾಕ್ಸಿನ ಗುರುತಾಗಿ ಬರುತ್ತದೆ, ದಿಂಬಾಗಿ ಬರುತ್ತದೆ, ನಿನ್ನೆಯವರೆಗೆ ಎರಡೇ ಇದ್ದ ಮೆಟ್ಟಿಲು ಇವತ್ತು ಐದಾದಂತೆ ಬರುತ್ತದೆ. ಬಂದಾಗಲೆಲ್ಲ ತಕ್ಕಡಿಯವರು ಅದಕ್ಕೆ ಬೇರೆ ಕಾರಣ ಹೇಳಿ ಬಾಗಿಲಲ್ಲೇ ವಾಪಸ್ಸು ಕಳಿಸಿದರು.

ಪ್ರಾರ್ಥನೆ ಮಾತ್ರ ಉದ್ದವಾಗುತ್ತ ಹೋಯಿತು. ಮೊದಲು ಬರೇ ಕೈಮುಗಿಯುತ್ತಿದ್ದವರು ಈಗ ಕಣ್ಣುಮುಚ್ಚಿ ಬಹಳ ಹೊತ್ತು ನಿಲ್ಲುತ್ತಿದ್ದರು. ಅರವತ್ತನಾಲ್ಕರಲ್ಲಿ ನಿಲ್ಲಿಸಪ್ಪಾ ಎಂದು ಕೇಳುತ್ತಿದ್ದರು. ಅವರನ್ನು ತಪ್ಪು ಎನ್ನಲಾರೆ, ನಾನೂ ಹಾಗೇ ಕೇಳಿದವನು. ಆದರೆ ಬರೆಯುತ್ತ ಬರೆಯುತ್ತ ಒಂದು ಸಂಗತಿ ಹೊಳೆಯಿತು. ಅದು ದೇವರಿಗೂ ಸ್ಕ್ರೂಡ್ರೈವರು ಕೊಟ್ಟು ಒಳಗೆ ಸ್ವಲ್ಪ ತಿರುಗಿಸು ಎಂದು ಕೇಳಿದಂತೆ. ಅವನು ಸುಮ್ಮನಿದ್ದ. ಅವನು ಸುಮ್ಮನಿದ್ದದ್ದನ್ನು ಅವರು ಒಪ್ಪಿಗೆ ಎಂದುಕೊಂಡರು.

೫

ಈಗ ಹೆಂಡತಿಯ ವಿಷಯ. ಇವರನ್ನು ಮೊದಲೇ ತರಬೇಕಿತ್ತು, ತಡಮಾಡಿದೆ. ಅದಕ್ಕೆ ಅವರ ಕ್ಷಮೆ ಕೇಳುತ್ತೇನೆ.

ಇವರು ಟೈಲರಮ್ಮ. ಒಳಕೋಣೆಯ ಕಿಟಕಿ ಹತ್ತಿರ ಹೊಲಿಗೆ ಮಷೀನು, ಕತ್ತಿನಲ್ಲಿ ಟೇಪು. ಅಳತೆಯ ಕಸುಬಿನವರಿಬ್ಬರು ಮದುವೆಯಾದರೆ ಮನೆಯಲ್ಲಿ ಅಂದಾಜಿಗೆ ಜಾಗವೇ ಇರುವುದಿಲ್ಲ ಎಂದು ಬೀದಿಯವರು ತಮಾಷೆ ಮಾಡುತ್ತಾರೆ. ಗಂಡ ಬಚ್ಚಲಿಗೆ ಹೋದ ಮೇಲೆ ಇವರೂ ಕನ್ನಡಕ ಹಾಕಿಕೊಂಡು ಆಗೊಮ್ಮೆ ಈಗೊಮ್ಮೆ ಮಷೀನಿನ ಮೇಲೆ ನಿಲ್ಲುವುದುಂಟು. ಐವತ್ತೆಂಟು ಇವರ ತೂಕ.

ಮೊದಲ ರಿಪೇರಿಯ ಮರುದಿನ ಐವತ್ತೇಳು ತೋರಿಸಿತು. ನಾಲ್ಕು ದಿನ ಬಿಟ್ಟು ಇನ್ನೂ ಕಡಿಮೆ. ಆಮೇಲೆ ಐವತ್ತಾರಕ್ಕೂ ಕೆಳಗೆ ಬಂತು.

ಇವರಿಗೆ ಒಬ್ಬಳು ಅಕ್ಕ ಇದ್ದಳು. ಕಾಯಿಲೆ ಎಂದು ಗೊತ್ತಾಗುವ ಮೊದಲು ಅವಳು ಸುಮ್ಮನೆ ಇಳಿಯುತ್ತ ಹೋದಳು. ತೆಳ್ಳಗಾದೆ ಎಂದು ಖುಷಿಪಟ್ಟಿದ್ದಳು. ನಾಲ್ಕು ತಿಂಗಳು ಅಷ್ಟೇ.

ಟೈಲರಮ್ಮ ಟೇಪು ತೆಗೆದು ತಮ್ಮ ಸೊಂಟ, ತೋಳು ಅಳೆದುಕೊಂಡರು. ಒಂದು ನೂಲೂ ವ್ಯತ್ಯಾಸವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮಷೀನಿನ ಮೇಲೆ ಅನುಮಾನ ಬರಬೇಕು. ಇವರಿಗೆ ಬರಲಿಲ್ಲ. ಟೇಪು ಹೊರಗಿನದನ್ನಷ್ಟೇ ಅಳೆಯುತ್ತದೆ, ಒಳಗೆ ಏನೋ ಕರಗುತ್ತಿದೆ ಎಂದುಕೊಂಡರು. ಮದುವೆಯಾದ ಮೂವತ್ತೈದು ವರ್ಷದಲ್ಲಿ ಒಂದೇ ಒಂದು ದಿನ ಸುಳ್ಳು ತೂಗದ ಮನುಷ್ಯ ಕೈಯಾರೆ ಇಟ್ಟುಕೊಂಡ ಮಷೀನು ಅದು. ಅದನ್ನು ಅನುಮಾನಿಸುವುದಕ್ಕಿಂತ ತಮಗೆ ಕಾಯಿಲೆ ಬಂದಿದೆ ಎಂದು ನಂಬುವುದು ಅವರಿಗೆ ಸುಲಭವಾಯಿತು.

(ಈ ವಾಕ್ಯ ಬರೆದ ಮೇಲೆ ಎದ್ದುಹೋಗಿ ಕಿಟಕಿ ಹತ್ತಿರ ನಿಂತುಬಂದೆ.)

ಗಂಡನಿಗೆ ಹೇಳಲಿಲ್ಲ. ದಣಿದ ಎದೆಯವರಿಗೆ ಇನ್ನೊಂದು ಹೆದರಿಕೆ ಯಾಕೆ? ಅದರ ಬದಲು ಅವರಿಗೆ ಕೆಲಸ ಕಲಿಸತೊಡಗಿದರು.

ಏಳು ತಿಂಗಳು ಕೂತಲ್ಲಿಂದ ಏಳಬೇಡಿ ಎನ್ನುತ್ತಿದ್ದವರು ಒಂದು ಬೆಳಿಗ್ಗೆ, ಬನ್ನಿ, ಒಲೆ ಹಚ್ಚಿ ನೋಡೋಣ ಎಂದರು. ಅನ್ನಕ್ಕೆ ನೀರು ಎಷ್ಟು, ಉಪ್ಪಿಲ್ಲದ ಅಡುಗೆಗೆ ರುಚಿ ಬರಲು ನಿಂಬೆಹುಳಿ ಯಾವಾಗ ಹಿಂಡಬೇಕು, ಎಲ್ಲ ಹೇಳಿಕೊಟ್ಟರು. ತಕ್ಕಡಿಯವರು ಒಂದು ಲೋಟ ಅಕ್ಕಿಯನ್ನು ತೂಗಿ ನೋಡಲು ಹೊರಟಾಗ ತಲೆ ಚಚ್ಚಿಕೊಂಡರು. ಅಂಗಿಯ ಗುಂಡಿ ಹಾಕಲು ಕಲಿಸಿದರು. ಮಾತ್ರೆ ಡಬ್ಬಿಗಳ ಮೇಲೆ ‘ಬೆಳಿಗ್ಗೆ’, ‘ರಾತ್ರಿ’ ಎಂದು ಕನ್ನಡಕವಿಲ್ಲದೆಯೂ ಕಾಣುವಷ್ಟು ದಪ್ಪಕ್ಷರದಲ್ಲಿ ಬರೆದರು. ತಾವು ಮಾತ್ರ ಎರಡೆರಡು ಸಲ ಬಡಿಸಿಕೊಂಡು, ಬೇಡದಿದ್ದರೂ ಉಣ್ಣುತ್ತಿದ್ದರು.

“ಏನೇ, ಎಲ್ಲಿಗಾದ್ರೂ ಓಡಿಹೋಗೋ ಪ್ಲಾನ್ ಇದೆಯಾ?” ಎಂದು ಅವರು ತಮಾಷೆ ಮಾಡಿದರು.

“ಈ ವಯಸ್ಸಲ್ಲಿ ಯಾರು ಬರ್ತಾರೆ ಕರ್ಕೊಂಡು ಹೋಗೋಕೆ?” ಎಂದು ಟೈಲರಮ್ಮ ನಕ್ಕರು. ನಕ್ಕು, ಆ ಕಡೆ ತಿರುಗಿ ಬಹಳ ಹೊತ್ತು ಸೂಜಿಗೆ ದಾರ ಪೋಣಿಸಿದರು.

೬

ಮೊದಲ ರಿಪೇರಿಯಾದ ಹನ್ನೊಂದನೆಯ ದಿನ ಟೈಲರಮ್ಮ ಹೊಲಿದ ಬಟ್ಟೆ ಕೊಡಲು ಪಕ್ಕದ ಬೀದಿಗೆ ಹೋಗಿದ್ದರು. ದಾರದಿಂದ ಕಟ್ಟಿದ್ದ ಪೆನ್ಸಿಲು ಬೇಕಾಗಿ ತಕ್ಕಡಿಯವರು ಮೊಳೆಯಿಂದ ನೋಟ್‌ಬುಕ್ಕು ತೆಗೆದರು. ಕೈಜಾರಿ ಅದು ಹಿಂದಿನಿಂದ ತೆರೆದುಕೊಂಡಿತು. ಕೊನೆಯ ಪುಟದಲ್ಲಿ ಹೆಂಡತಿಯ ಅಕ್ಷರ. ಐವತ್ತೆಂಟು. ಐವತ್ತೇಳು. ಐವತ್ತಾರೂವರೆ. ಐವತ್ತಾರಕ್ಕೆ ಕಮ್ಮಿ. ಪಕ್ಕದಲ್ಲಿ ತಾರೀಕುಗಳು. ಕೆಳಗೆ ಒಂದೇ ಸಾಲು: ‘ಅಕ್ಕನಿಗೂ ಹೀಗೇ ಶುರುವಾಗಿದ್ದು. ಇವರಿಗೆ ಅನ್ನ ಬಂತು, ಗುಂಡಿ ಬಂತು. ಮಾತ್ರೆ ಇನ್ನೂ ತಪ್ಪುತ್ತಾರೆ.’

ತಾರೀಕುಗಳನ್ನು ನೋಡಿದರು. ಮೊದಲನೆಯದನ್ನು ಬಿಟ್ಟರೆ ಒಂದೊಂದೂ ತಾವು ಸ್ಕ್ರೂ ತಿರುಗಿಸಿದ ಮರುದಿನ.

ಅವರು ನೋಟ್‌ಬುಕ್ಕು ಹಿಡಿದು ಮಷೀನಿನ ಪಕ್ಕ ನೆಲದ ಮೇಲೇ ಕೂತುಬಿಟ್ಟರು. ಬರೆಯುವವನಾಗಿ ನನಗೆ ಇದು ಒಳ್ಳೆಯ ಜಾಗ, ಇಲ್ಲಿ ಒಂದು ಪುಟ ಕಣ್ಣೀರು ಬರೆಯಬಹುದು. ಅವರು ಅಳಲಿಲ್ಲ. ಲೆಕ್ಕ ಹಾಕಿದರು. ಅವಳಿಗೆ ಎರಡು ಕಿಲೋ ಕಮ್ಮಿ ತೋರಿಸುವ ಮಷೀನು ತನಗೆ ಎಷ್ಟು ಕಮ್ಮಿ ತೋರಿಸುತ್ತಿರಬೇಕು? ಬಾಯಿಲೆಕ್ಕದ ಮನುಷ್ಯ. ಉತ್ತರ ಕೂಡಲೇ ಬಂತು.

ಮುಗಿಸುವುದು, ಒಂದನೆಯ ರೀತಿ

ಇದು ಅವರದೇ ಸಲಹೆ. ಅವಳು ಬರುವಷ್ಟರಲ್ಲಿ ಸ್ಕ್ರೂ ಮೊದಲಿದ್ದ ಜಾಗಕ್ಕೆ ತಿರುಗಿಸುತ್ತೇನೆ, ನಾಳೆ ಅವಳು ಹತ್ತುತ್ತಾಳೆ, ಐವತ್ತೆಂಟು ಬರುತ್ತದೆ, ಎರಡೆರಡು ಸಲ ಉಂಡದ್ದಕ್ಕೆ ತೂಕ ವಾಪಸ್ಸು ಬಂತು ಎಂದುಕೊಳ್ಳುತ್ತಾಳೆ, ಅವಳ ಭಯ ಹೋಗುತ್ತದೆ. ಬರೆದುಬಿಡಿ, ಚೆನ್ನಾಗಿದೆ ಎಂದರು.

“ನಾಳೆ ಬೆಳಿಗ್ಗೆ ನೀವೂ ಹತ್ತಬೇಕಲ್ಲ? ಸರಿಮಾಡಿದ ಮಷೀನಿನ ಮೇಲೆ?”

ಅವರು ತೆರೆದ ಪುಟದ ಕಡೆಗೇ ಕಣ್ಣು ತಿರುಗಿಸಿದರು.

ಎರಡನೆಯ ರೀತಿ

ಇದು ನನ್ನದು, ನಾಚಿಕೆಯಿಂದಲೇ ಹೇಳುತ್ತೇನೆ. ಸ್ಕ್ರೂಡ್ರೈವರು ಹಿಡಿದವರು ಅಲ್ಲೇ ಕುಸಿಯುತ್ತಾರೆ. ಹೆಂಡತಿ ಬಂದು ನೋಡುತ್ತಾರೆ. ಪಕ್ಕದಲ್ಲಿ ಬಿಚ್ಚಿದ ಮಷೀನು, ತೆರೆದ ಪುಟ. ಓದುಗರು ಪುಸ್ತಕ ಮುಚ್ಚಿ ನಿಟ್ಟುಸಿರು ಬಿಡುತ್ತಾರೆ.

“ನಿಮಗೆ ಅನುಕೂಲ ಅಂತ ನನ್ನನ್ನ ಬೀಳಿಸ್ತೀರಾ?” ಎಂದರು ತಕ್ಕಡಿಯವರು. “ನಾನು ಸತ್ತರೆ ಅವಳಿಗೆ ನಿಜ ಯಾರು ಹೇಳ್ತಾರೆ? ಸಾಯೋವರೆಗೂ ತನಗೇ ಕಾಯಿಲೆ ಅಂದ್ಕೊಂಡು ಇರಬೇಕಾ ಅವಳು?”

ಅವರ ಬಾಯಲ್ಲಿ ಸಾವಿನ ಹೆಸರು ಬಂದದ್ದು ಇದೇ ಮೊದಲು. ಅವರೂ ಅದನ್ನು ಗಮನಿಸಿದರು ಎಂದು ಕಾಣುತ್ತದೆ. ಗೋಡೆ ಹಿಡಿದು ಎದ್ದರು.

ನಡೆದದ್ದು

ಟೈಲರಮ್ಮ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು. ಚೀಲ ಕೆಳಗಿಡು, ಅಂಗಡಿಯಿಂದ ನಾಲ್ಕು ಕಲ್ಲು ತಂದುಕೊಡು, ಬಟ್ಟೆ ಹಿಡಿದೇ ಎತ್ತು ಎಂದರು. ಯಾಕೆ ಎಂದು ಟೈಲರಮ್ಮ ಕೇಳಿದ್ದಕ್ಕೆ, ನನ್ನ ಕೈಲಿ ಆಗುತ್ತಿಲ್ಲ ಎಂದರು. ಮೂವತ್ತೈದು ವರ್ಷದಲ್ಲಿ ಈ ಮಾತನ್ನು ಹೆಂಡತಿ ಕೇಳಿರಲಿಲ್ಲ. ಅದಕ್ಕೇ ಮತ್ತೇನೂ ಕೇಳದೆ ಹೋಗಿ ಒಂದೊಂದಾಗಿ ತಂದರು.

ನಾಲ್ಕೂ ಕಲ್ಲುಗಳು ಮಷೀನಿನ ಮೇಲೆ ಕೂತವು. ಕನ್ನಡಕ ಹಾಕ್ಕೊ, ಓದು ಎಂದರು.

“ಹತ್ತೊಂಬತ್ತು. ಮೇಲೆ ಸ್ವಲ್ಪ.”

“ಇಪ್ಪತ್ತು ಇರಬೇಕು.”

ಟೈಲರಮ್ಮನಿಗೆ ಅರ್ಥವಾಗಲಿಲ್ಲ. ಕಲ್ಲುಗಳನ್ನು ನೋಡಿದರು, ಮುಳ್ಳನ್ನು ನೋಡಿದರು, ಗಂಡನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿದರು. ಹಿಂದಿನ ಪುಟ ತೆರೆದಿತ್ತು.

“ನೀನು ಇಳಿದಿಲ್ಲ ಕಣೇ,” ಎಂದರು ತಕ್ಕಡಿಯವರು. “ನಾನು ಏರಿದ್ದೀನಿ.”

ಆಮೇಲೆ ಎಲ್ಲವನ್ನೂ ಹೇಳಿದರು. ಚಳಿ, ಸ್ಪ್ರಿಂಗು, ಮೂರನೆಯ ಕಲ್ಲು, ಸಾಕ್ಸು, ದಿಂಬು, ಮೇಷ್ಟ್ರ ಫೋನು. ಹೇಳುತ್ತಿರುವಾಗ ಹೆಂಡತಿಯ ಮುಖದಲ್ಲಿ ಮೊದಲು ಒಂದು ಹಗುರ ಬಂದದ್ದನ್ನು ನಾನು ನೋಡಿದೆ. ತನಗೇನೂ ಆಗಿಲ್ಲ ಎಂಬ ಹಗುರ. ಅರೆಕ್ಷಣ ಅಷ್ಟೇ. ಅದು ಬಂತಲ್ಲ ಎಂದು ಅವರಿಗೇ ನಾಚಿಕೆಯಾಗಿ ಸೆರಗಿನಿಂದ ಮುಖ ಒರೆಸಿಕೊಂಡರು. ಅದನ್ನು ಬರೆಯಬೇಡಿ ಎಂದು ನನ್ನ ಕಡೆ ನೋಡಿದರು. ಕ್ಷಮಿಸಬೇಕು ತಾಯಿ, ಬರೆದೆ. ಆ ಹಗುರದಲ್ಲಿ ಪಾಪ ಏನೂ ಇಲ್ಲ.

ಆಮೇಲೆ ಸಿಟ್ಟು ಬಂತು. ದನಿ ಏರಲಿಲ್ಲ. “ನನ್ನ ಹತ್ರ ಅನ್ನ ಮಾಡೋದು ಕಲಿತ್ರಿ. ಕೂತು ಗುಂಡಿ ಹಾಕಿದ್ರಿ. ಬಾಯಿಬಿಟ್ಟು ಒಂದು ಮಾತು ಹೇಳೋಕಾಗಲಿಲ್ಲ.”

“ನೀನು ಹೇಳಿದ್ಯಾ?”

ಬೀದಿಯಲ್ಲಿ ಯಾವುದೋ ಗಾಡಿ ಹಾರ್ನು ಹೊಡೆಯುತ್ತಿತ್ತು.

ಸ್ಕ್ರೂ ಸರಿಮಾಡಲು ಅರ್ಧ ಗಂಟೆ ಹಿಡಿಯಿತು. ಅವರು ತಿರುಗಿಸಿದರು, ಅವರು ಹೇಳಿದಾಗಲೆಲ್ಲ ಹೆಂಡತಿ ಕಲ್ಲು ಇಟ್ಟರು, ತೆಗೆದರು, ಇಟ್ಟರು. ಮುಳ್ಳು ಇಪ್ಪತ್ತರ ಗೆರೆಯ ಮೇಲೆ ನಿಂತಿತು. ಕಲ್ಲುಗಳನ್ನು ಇಳಿಸಿದ ಮೇಲೆ ತಕ್ಕಡಿಯವರು ಚಪ್ಪಲಿ ಬಿಟ್ಟು ಹತ್ತಿದರು. ಈ ಸಲ ಕೈಮುಗಿಯಲಿಲ್ಲ, ಕಣ್ಣು ಮುಚ್ಚಲಿಲ್ಲ. ಅದೂ ಒಂದು ಪ್ರಾರ್ಥನೆಯೇ ಎಂದು ನನಗೆ ಅನಿಸುತ್ತದೆ, ಅವರನ್ನು ಕೇಳಲಿಲ್ಲ.

“ಅರವತ್ತಾರೂವರೆ,” ಎಂದರು, ಗಿರಾಕಿಗೆ ಹೇಳುವ ದನಿಯಲ್ಲಿ.

ಟೈಲರಮ್ಮ ಬರೆದುಕೊಂಡರು. ಅಂಗಡಿಯ ಬಾಗಿಲೆಳೆದು ಬೀಗ ಹಾಕಿದರು. ಒಂದು ಗಾಡಿ ನಿಲ್ಲಿಸಿ, ಗಂಡನನ್ನು ಮೊದಲು ಹತ್ತಿಸಿ, ತಾವೂ ಹತ್ತಿದರು.

(ಸಂಖ್ಯೆ ಇಲ್ಲ)

ನಾನೂ ಹಿಂದೆಯೇ ಹೋದೆ. ಇಷ್ಟು ದೂರ ಬಂದವನು ಬಿಟ್ಟುಬಿಡಲಾಗುತ್ತದೆಯೇ?

ಆಸ್ಪತ್ರೆಯ ಓಣಿಯಲ್ಲಿ ಉದ್ದನೆಯ ಬೆಂಚು. ತಕ್ಕಡಿಯವರು ಬಾಗಿ ಕೂತು ಉಸಿರನ್ನು ಒಂದೊಂದಾಗಿ ಎಳೆದುಕೊಳ್ಳುತ್ತಿದ್ದರು. ಭಯ ಆಗುತ್ತಿದೆ ಎಂದು ಹೆಂಡತಿಗೆ ಹೇಳಿದರು. ಅವರು ಸಮಾಧಾನ ಹೇಳಲಿಲ್ಲ. ಹತ್ತು ದಿನದಿಂದ ತಮಗೂ ಆಗುತ್ತಿತ್ತು, ಅದು ಹೇಗಿರುತ್ತದೆ ಎಂದು ಗೊತ್ತು ಎಂದರು. ಆಮೇಲೆ ಇಬ್ಬರೂ ಅದರ ಬಗ್ಗೆಯೇ ಮೆಲ್ಲಗೆ ಮಾತಾಡಿಕೊಂಡರು. ನಿಮಗೆ ಎಲ್ಲಿ ಹಿಡಿದ ಹಾಗಾಗುತ್ತದೆ, ನನಗೆ ಹೊಟ್ಟೆಯಲ್ಲಿ, ಬೆಳಿಗ್ಗೆ ಜಾಸ್ತಿಯೋ ಸಂಜೆಯೋ, ಹೀಗೆ. ಒಂದೇ ಊರಿನವರು ಪರದೇಶದಲ್ಲಿ ಸಿಕ್ಕಿದರೆ ಮಾತಾಡುವ ಹಾಗೆ.

ಒಳಗಿನಿಂದ ಕರೆದರು. ಡಾಕ್ಟರಮ್ಮ ನೋಟ್‌ಬುಕ್ಕು ತೆಗೆದುಕೊಂಡು ಏನು ಹೇಳುತ್ತಾರೆ? ಮಾತ್ರೆ ಬದಲಿಸಿ ಸಂಜೆಗೆ ಮನೆಗೆ ಕಳಿಸುತ್ತಾರೋ, ಮೇಷ್ಟ್ರಿದ್ದ ಮಂಚವನ್ನೇ ತೋರಿಸುತ್ತಾರೋ? ಹನ್ನೊಂದು ದಿನ ತಡವಾಯಿತು ಎನ್ನುತ್ತಾರೋ, ಸದ್ಯ ಬಂದಿರಲ್ಲ ಎನ್ನುತ್ತಾರೋ? ಎರಡನ್ನೂ ಬರೆಯಲು ನನಗೆ ಬರುತ್ತದೆ. ಒಂದನ್ನು ಆರಿಸಿದ ಕೂಡಲೇ ನಾನೂ ಸ್ಕ್ರೂಡ್ರೈವರು ಹಿಡಿದಂತೆ.

ತಕ್ಕಡಿಯವರು ಒಂದು ಸಲ ತಿರುಗಿ ನೋಡಿ, ಮುಂದೆ ಏನು ಎಂದು ಕಣ್ಣಲ್ಲೇ ಕೇಳಿದರು.

ಗೊತ್ತಿಲ್ಲ ಎಂದೆ.

“ಹಾಗಿದ್ರೆ ಗೊತ್ತಿಲ್ಲ ಅಂತಲೇ ಬರೀರಿ,” ಎಂದರು. ಹೆಂಡತಿಯ ಭುಜ ಹಿಡಿದು ಒಳಗೆ ಹೆಜ್ಜೆ ಇಟ್ಟರು.

ನಾನೂ ಹೊರಟಾಗ ಬಾಗಿಲ ಕಾವಲಿನವನು ಕೈ ಅಡ್ಡ ಹಿಡಿದ. ರೋಗಿಯ ಜೊತೆಗೆ ಒಬ್ಬರನ್ನು ಮಾತ್ರ ಬಿಡುವುದು.

“ನೀವು ಅವರಿಗೆ ಏನಾಗಬೇಕು?”

ಏನಾಗಬೇಕು? ಯೋಚಿಸಿದೆ. ಅವನು ಒಳ್ಳೆಯವನು, ಉತ್ತರಕ್ಕೆ ಕಾಯಲಿಲ್ಲ. ಬೆಂಚು ತೋರಿಸಿ, ಕೂತಿರಿ, ಎಷ್ಟು ಹೊತ್ತಾಗುತ್ತೋ ಹೇಳೋಕಾಗಲ್ಲ ಎಂದು ಬಾಗಿಲು ಮುಂದಕ್ಕೆ ಹಾಕಿಕೊಂಡ.

ಕೂತಿದ್ದೇನೆ. ಪಕ್ಕದಲ್ಲಿ ಇನ್ನೂ ಒಬ್ಬರಿಗೆ ಜಾಗವಿದೆ.